ಫ್ರೀಜರಿನಲ್ಲಿ ಕೂತ ಜಿಂಕೆ ಮಾಂಸ: ಓದುಗರ ಸ್ಪಂದನ

ಕಳೆದ ಬಾರಿ ಪ್ರಕಟವಾದ ಸಮಸ್ಯೆ:

"ನಾನಿರುವ ದೇಶದಲ್ಲಿ ಲೈಸೆನ್ಸ್ ಪಡೆದು ಜಿಂಕೆ ಬೇಟೆಯಾಡಬಹುದು. ಜೊತೆಗೆ ಕೆಲಸ ಮಾಡುವ ಗೆಳೆಯನೊಬ್ಬ ತಾನೇ ಹೊಡೆದ ಜಿಂಕೆಯ ಎರಡು ಕೆಜಿ ಮಾಂಸವನ್ನು ಪ್ರೀತಿಯಿಂದ ತಂದುಕೊಟ್ಟ. ಕೋಳಿ, ಕುರಿ ತಿಂದೇ ಬೆಳೆದವನು ನಾನು. ಆದರೂ ಇದನ್ನು ಒಲೆಗೆ ಇಡೋಕೆ ಕೈ ಬರುತ್ತಿಲ್ಲ. 'ಕೋಳಿ ಮೇಲೆ ಇಲ್ಲದ ಕನಿಕರ ಜಿಂಕೆ ಮೇಲೆ ಯಾಕೆ?' ಅಂತ ಹೆಂಡತಿ ಕೇಳುತ್ತಾಳೆ. 'ಅದರ ಅಮ್ಮ ಹುಡುಕಲ್ವಾ?' ಅಂತ ಏಳು ವರ್ಷದ ಮಗಳು ಕೇಳಿದಳು. ಪೊಟ್ಟಣ ಮೂರು ವಾರದಿಂದ ಫ್ರೀಜರಿನಲ್ಲಿದೆ. ತಿನ್ನಲೇ, ಎಸೆಯಲೇ, ವಾಪಸ್ ಕೊಡಲೇ?"

ಇದಕ್ಕೆ ಬಂದ ಪತ್ರಗಳಲ್ಲಿ ಆಯ್ದ ಕೆಲವು ಇಲ್ಲಿವೆ.

ಹೇಗೆ ಸತ್ತಿತು ಅಂತ ಕೇಳಿ

ಎಸೆಯೋದು ಮಾತ್ರ ಬೇಡ. ಅದು ಸತ್ತದ್ದಂತೂ ಸತ್ತಿದೆ, ಕಸದ ಬುಟ್ಟಿಗೆ ಹೋದರೆ ಯಾರಿಗೆ ಏನು ಬಂತು?

ನಾನೂ ಒಮ್ಮೆ ಇಂಥದೇ ಗೆಳೆಯನ ಜೊತೆ ಬೇಟೆಗೆ ಹೋಗಿದ್ದೆ. ಕೋವಿ ಅವನದು, ನಾನು ಸುಮ್ನೆ ಜೊತೆಗಾರ. ಬೆಳಕು ಹರಿಯುವ ಮುಂಚೆ ಮರದ ಮೇಲಿನ ಅಟ್ಟಣೆ ಹತ್ತಿ ಕೂತೆವು. ಮೊದಲು ಬಂದದ್ದು ಮರಿ ಜೊತೆಗಿದ್ದ ಹೆಣ್ಣು. ಅವನು ಕೋವಿ ಎತ್ತಲಿಲ್ಲ. ಎರಡನೆಯದು ನಮ್ಮ ಕಡೆ ಮುಖ ಮಾಡಿ ನಿಂತಿತ್ತು, ಆಗಲೂ ಎತ್ತಲಿಲ್ಲ. ಪಕ್ಕೆ ಪೂರ್ತಿ ಕಾಣಬೇಕಂತೆ. ಗುಂಡು ಮುಂಗಾಲಿನ ಹಿಂದೆಯೇ ಬೀಳಬೇಕಂತೆ. ಮೂರನೆಯದು ಹಾಗೆ ನಿಂತಿತು, ಹೊಡೆದ.

ಅದು ಬೀಳಲಿಲ್ಲ, ಓಡಿತು. ನಾನು ಇಳಿಯಲು ಹೊರಟರೆ ತೋಳು ಹಿಡಿದು ಕೂರಿಸಿದ. ಗಾಯವಾದ ಪ್ರಾಣಿಯನ್ನು ಕೂಡಲೇ ಬೆನ್ನಟ್ಟಿದರೆ ಹೆದರಿ ಇನ್ನೂ ದೂರ ಹೋಗುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಇಳಿದು ಒಣ ಎಲೆ ಮೇಲಿನ ರಕ್ತವನ್ನು ಬೆರಳಲ್ಲಿ ಮುಟ್ಟಿ ನೋಡಿದ. ನೊರೆ ನೊರೆಯಾಗಿ ತಿಳಿಗೆಂಪು ಇದ್ದರೆ ಶ್ವಾಸಕೋಶಕ್ಕೆ ಬಿದ್ದಿದೆ, ಹತ್ತಿರದಲ್ಲೇ ಸತ್ತು ಬಿದ್ದಿರುತ್ತದೆ. ಹಸಿರು ಬೆರೆತಿದ್ದರೆ ಹೊಟ್ಟೆಗೆ ಬಿದ್ದಿದೆ, ಗಂಟೆಗಟ್ಟಲೆ ನರಳುತ್ತದೆ. ಅವನ ಬೆರಳಿಗೆ ಹತ್ತಿದ್ದು ಎರಡನೆಯದು. ಮಧ್ಯಾಹ್ನದ ಹೊತ್ತಿಗೆ ಪೊದೆಯೊಳಗೆ ಸಿಕ್ಕಿತು. ಇನ್ನೂ ಉಸಿರಾಡುತ್ತಿತ್ತು.

ವಾಪಸ್ ಬರುವಾಗ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ ಅವನು. ಆ ವರ್ಷ ಮತ್ತೆ ಬೇಟೆಗೂ ಹೋಗಲಿಲ್ಲ. ಗುರಿ ಅಭ್ಯಾಸ ಮಾತ್ರ ಮಾಡಿದ. ಅವನು ಕೊಟ್ಟ ಮಾಂಸ ತಿಂದೆ. ರುಚಿ ಹೇಗಿತ್ತು ಅಂತ ಕೇಳಬೇಡಿ.

ನಿಮ್ಮ ಗೆಳೆಯನನ್ನು ಕೇಳಿ, ಇದು ಹೇಗೆ ಸತ್ತಿತು, ಎಷ್ಟು ಹೊತ್ತು ಹಿಡಿಯಿತು ಅಂತ. ಒಳ್ಳೆಯ ಬೇಟೆಗಾರನಿಗೆ ಪ್ರತಿಯೊಂದೂ ನೆನಪಿರುತ್ತದೆ, ಮುಚ್ಚುಮರೆ ಇಲ್ಲದೆ ಹೇಳುತ್ತಾನೆ. ನಕ್ಕು ಮಾತು ಹಾರಿಸಿದರೆ ಪೊಟ್ಟಣ ವಾಪಸ್ ಕೊಟ್ಟುಬಿಡಿ.

— ಒಮ್ಮೆ ಮಾತ್ರ ಬೇಟೆಗೆ ಹೋದವನು

ಹೆಂಡತಿಗೆ ಮೊದಲು ಉತ್ತರ ಕೊಡಿ

ಪತ್ರ ಎರಡು ಸಲ ಓದಿದೆ. ನಿಮ್ಮ ಹೆಂಡತಿ ಕೇಳಿದ ಪ್ರಶ್ನೆಗೆ ಎಲ್ಲೂ ಉತ್ತರ ಇಲ್ಲ. ಫಾರಂ ಕೋಳಿ ಆರು ವಾರಕ್ಕೇ ಕತ್ತಿಗೆ ಬರುತ್ತದೆ. ಅಷ್ಟರಲ್ಲಿ ಅದು ಆಕಾಶ ನೋಡಿರುವುದೂ ಅನುಮಾನ. ಈ ಜಿಂಕೆ ಕಡೇ ಪಕ್ಷ ಕೆಲವು ವರ್ಷ ತನ್ನಿಷ್ಟದಂತೆ ಮೇಯ್ದಿತ್ತು. ಇಬ್ಬರಲ್ಲಿ ಒಬ್ಬರಿಗೆ ಕಣ್ಣೀರು ಹಾಕಬೇಕಿದ್ದರೆ ನಾನು ಕೋಳಿಗೆ ಹಾಕುತ್ತೇನೆ. ಕಣ್ಣು ದೊಡ್ಡದಿದೆ, ಮೈಮೇಲೆ ಚುಕ್ಕೆ ಇದೆ ಅಂತ ಒಂದಕ್ಕೆ ಮಾತ್ರ ಮರುಗೋದು ಯಾವ ನ್ಯಾಯ?

"ಕೊಂದ ಪಾಪ ತಿಂದು ಪರಿಹಾರ" ಅಂತಾರೆ. ಗಾದೆ ಕಟ್ಟಿದವನು ತಿಂದವನೇ ಇರಬೇಕು. ನಾನು ಮಾಂಸ ತಿನ್ನುವುದಿಲ್ಲ. ನೀವೂ ಬಿಡಿ ಅಂತ ಹೇಳೋಕೆ ಬರೆದದ್ದಲ್ಲ. ಕೋಳಿ ಪೊಟ್ಟಣದ ಮುಂದೆಯೂ ಒಮ್ಮೆ ಹೀಗೇ ಮೂರು ವಾರ ಯೋಚಿಸಿ, ಅಷ್ಟೇ.

— ಸಸ್ಯಾಹಾರಿ ಓದುಗಿ

ಕೊಟ್ಟರೆ ತಗೊಳ್ಳಿ, ದುಡ್ಡು ಕೊಡಬೇಡಿ

ಇತಿಹಾಸ ಪಾಠ ಮಾಡುವವನು ನಾನು. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಮಾತು: "ಪ್ರೀತಿಯಿಂದ ತಂದುಕೊಟ್ಟ". ಮಾರಲಿಲ್ಲ, ಕೊಟ್ಟ.

ಉತ್ತರ ಅಮೆರಿಕದಲ್ಲಿ ಪ್ಯಾಸೆಂಜರ್ ಪಿಜನ್ ಅನ್ನೋ ಪಾರಿವಾಳ ಇತ್ತು. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಅವುಗಳ ಸಂಖ್ಯೆ ನೂರಾರು ಕೋಟಿ. ಹಿಂಡು ಹಾರಿದರೆ ಬಿಸಿಲೇ ಮರೆಯಾಗುತ್ತಿತ್ತು. ಅಲ್ಲಿನ ಜನ ತಲೆತಲಾಂತರದಿಂದ ಅದನ್ನು ಹೊಡೆದು ತಿಂದಿದ್ದರು, ಹಕ್ಕಿಗೆ ಏನೂ ಆಗಿರಲಿಲ್ಲ. ಆಮೇಲೆ ರೈಲು ಬಂತು, ತಂತಿ ಬಂತು. ಹಿಂಡು ಎಲ್ಲಿ ಇಳಿದಿದೆ ಅಂತ ತಂತಿಯಲ್ಲಿ ಸುದ್ದಿ ಹೋಗುತ್ತಿತ್ತು. ಬೇಟೆಗಾರರು ಅಲ್ಲಿಗೆ ಮುತ್ತಿಗೆ ಹಾಕಿ, ಪೀಪಾಯಿಗಟ್ಟಲೆ ತುಂಬಿ ಪಟ್ಟಣಕ್ಕೆ ಸಾಗಿಸುತ್ತಿದ್ದರು. ಕಾಡು ಕಡಿದದ್ದೂ ಇದಕ್ಕೆ ಸೇರಿಕೊಂಡಿತು. ಮಾರ್ಥಾ ಅನ್ನೋ ಹೆಸರಿನ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದ ಪಂಜರದಲ್ಲಿ ಸತ್ತಿತು. ಕಾಡೆಮ್ಮೆಯಂಥ ಬೈಸನ್ ಕಥೆಯೂ ಹೀಗೇ. ಎಷ್ಟೋ ಕಡೆ ಚರ್ಮ, ನಾಲಿಗೆ ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬಯಲಲ್ಲೇ ಕೊಳೆಯಲು ಬಿಟ್ಟರು.

ಹೊಟ್ಟೆಗೆ ಒಂದು ಅಳತೆ ಇದೆ, ಮಾರುಕಟ್ಟೆಗೆ ಇಲ್ಲ. ಅಮೆರಿಕದವರು ಪೆಟ್ಟು ತಿಂದ ಮೇಲೆ ಇದನ್ನು ಕಲಿತರು. 1900ರ ಲೇಸಿ ಕಾಯ್ದೆ ಕಾನೂನು ಮೀರಿ ಕೊಂದ ಪ್ರಾಣಿಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿ ಮಾರುವುದನ್ನು ತಡೆಯಿತು. ಇವತ್ತು ಅಲ್ಲಿ ಬೇಟೆಯಾಡಿದ ಜಿಂಕೆಯನ್ನು ಮನೆಮಂದಿ ತಿನ್ನಬಹುದು, ನೆರೆಯವರಿಗೆ ಕೊಡಬಹುದು, ಮಾರುವಂತಿಲ್ಲ. ಹೋಟೆಲಿನಲ್ಲಿ ಸಿಗುವ ಜಿಂಕೆ ಮಾಂಸ ಹೆಚ್ಚಾಗಿ ಫಾರಂನಲ್ಲಿ ಸಾಕಿದ್ದು. ಜರ್ಮನಿಯಂಥ ಕಡೆ ಮಾರಾಟಕ್ಕೂ ಅವಕಾಶ ಇದೆ, ಆದರೆ ಎಷ್ಟು ಹೊಡೆಯಬೇಕು ಅನ್ನೋದಕ್ಕೆ ಲೆಕ್ಕ ಇಡುತ್ತಾರೆ. ಲೆಕ್ಕ ಇಲ್ಲದ ಕಡೆ ಏನಾಗುತ್ತದೆ ಅನ್ನೋದಕ್ಕೆ ಚಿಪ್ಪುಹಂದಿಯನ್ನು ನೋಡಿ. ಜಗತ್ತಿನಲ್ಲಿರುವ ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು 2016ರಲ್ಲಿ ದೇಶಗಳೆಲ್ಲ ಕೂತು ತೀರ್ಮಾನ ಮಾಡಬೇಕಾಯಿತು. ಇವತ್ತಿಗೂ ಕಳ್ಳಸಾಗಣೆ ನಿಂತಿಲ್ಲ.

ಹಾಗಾಗಿ ಗೆಳೆಯ ಕೊಟ್ಟದ್ದನ್ನು ತಿನ್ನಿ. ನಾಳೆ ಅವನೇ "ಇನ್ನೂ ಬೇಕಾ? ದುಡ್ಡು ಕೊಟ್ಟರೆ ತಂದುಕೊಡ್ತೀನಿ" ಅಂದರೆ ಕೈ ಮುಗಿದುಬಿಡಿ.

— ಶಾಲಾ ಮೇಷ್ಟ್ರು

ಧರ್ಮ ಆಮೇಲೆ, ಮೊದಲು ಸೀಸ

ಪಶುವೈದ್ಯನಾಗಿ ಹೇಳುತ್ತೇನೆ, ನೀವು ಕೇಳದ ಪ್ರಶ್ನೆಯೇ ಮೊದಲನೆಯದು. ಗುಂಡು ಯಾವುದು? ಸೀಸದ ಗುಂಡು ಮೈಗೆ ಬಡಿದಾಗ ಒಡೆದು ಪುಡಿಯಾಗುತ್ತದೆ. ಆ ಪುಡಿ ಗಾಯದಿಂದ ಒಂದು ಗೇಣು ಆಚೆಗೂ ಹರಡಿರಬಹುದು. ಕಣ್ಣಿಗೆ ಕಾಣುವುದಿಲ್ಲ, ಹಲ್ಲಿಗೂ ಸಿಗುವುದಿಲ್ಲ. 2008ರಲ್ಲಿ ಅಮೆರಿಕದ ನಾರ್ತ್ ಡಕೋಟಾದಲ್ಲಿ ಬಡವರಿಗೆಂದು ದಾನ ಬಂದ ಜಿಂಕೆ ಮಾಂಸದ ಪೊಟ್ಟಣಗಳನ್ನು ಎಕ್ಸ್-ರೇ ಮಾಡಿದರು. ಬಿಳಿ ಚುಕ್ಕೆಗಳಾಗಿ ಸೀಸ ಕಂಡಿತು. ಇದನ್ನು ಹಂಚಬೇಡಿ ಅಂತ ಅಧಿಕಾರಿಗಳು ಹೇಳಬೇಕಾಯಿತು. ಮಕ್ಕಳ ಮಿದುಳಿಗೆ ಸೀಸ ಎಷ್ಟು ಕಡಿಮೆ ಹೋದರೂ ಒಳ್ಳೆಯದಲ್ಲ. ನಿಮ್ಮ ಮನೆಯಲ್ಲಿ ಏಳು ವರ್ಷದ ಮಗು ಇದೆ, ಅಲ್ವಾ? ತಾಮ್ರದ ಗುಂಡಾದರೆ ಈ ತೊಂದರೆ ಇಲ್ಲ.

ಕಾಡಲ್ಲೇ ಬಿಟ್ಟು ಬಂದ ಕರುಳಲ್ಲೂ ಸೀಸ ಉಳಿದಿರುತ್ತದೆ. ಅದನ್ನು ರಣಹದ್ದು ತಿನ್ನುತ್ತದೆ. ಕ್ಯಾಲಿಫೋರ್ನಿಯಾದ ಕಾಂಡೋರ್ ಹದ್ದು ಇಂಥ ಸೀಸದ ವಿಷದಿಂದಲೂ ನಲುಗಿ, 1987ರ ಹೊತ್ತಿಗೆ ಜಗತ್ತಿನಲ್ಲಿ 27 ಮಾತ್ರ ಉಳಿದಿದ್ದವು. ಆ ರಾಜ್ಯದಲ್ಲಿ 2019ರ ಜುಲೈನಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಗೆಳೆಯನ ಗುಂಡು ಜಿಂಕೆಯೊಂದನ್ನೇ ಕೊಂದಿತು ಅಂತ ತಿಳಿಯಬೇಡಿ.

ಇನ್ನೊಂದು ವಿಷಯ. ಕೆಲವು ದೇಶಗಳ ಜಿಂಕೆಗಳಲ್ಲಿ ಮೈ ಸೊರಗಿ ಸಾಯುವ ಮಿದುಳಿನ ಕಾಯಿಲೆ ಇದೆ. ಮನುಷ್ಯರಿಗೆ ಬಂದದ್ದು ಇಲ್ಲಿಯವರೆಗೆ ರುಜುವಾತಾಗಿಲ್ಲ. ಆದರೆ ಅದು ಎಷ್ಟು ಬೇಯಿಸಿದರೂ ಹೋಗುವಂಥದ್ದಲ್ಲ. ಆ ಭಾಗದ ಜಿಂಕೆಯಾದರೆ ಪರೀಕ್ಷೆ ಮಾಡಿಸಿದ್ದಾನಾ ಕೇಳಿ. ಉಳಿದ ರೋಗಾಣುಗಳಿಗೆ ಒಳಗಿನ ತನಕ 71 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಿದರೆ ಸಾಕು. ಹೊರಗೆ ಕರಿದು ಒಳಗೆ ಕೆಂಪಾಗಿ ಬಿಡುವ ಅಡುಗೆ ಬೇಡ.

— ಪಶುವೈದ್ಯ

ತೋಳ ಇಲ್ಲದ ಕಾಡಲ್ಲಿ

ಮೃಗಗಳ ಲೆಕ್ಕ ಇಡೋದೇ ನನ್ನ ಕೆಲಸ. ಸ್ಕಾಟ್ಲೆಂಡಿನಲ್ಲಿ ತೋಳಗಳು ಅಳಿದು ಇನ್ನೂರು ವರ್ಷಕ್ಕೂ ಹೆಚ್ಚಾಯಿತು. ಕೊಂದದ್ದು ಮನುಷ್ಯರೇ. ಈಗ ಅಲ್ಲಿ ಜಿಂಕೆ ಎಷ್ಟು ಜಾಸ್ತಿಯಾಗಿವೆ ಅಂದರೆ ಗಿಡ ಮೊಳೆತರೆ ಮರವಾಗಲು ಬಿಡುವುದಿಲ್ಲ. ನ್ಯೂಜಿಲೆಂಡಿನಲ್ಲಂತೂ ಜಿಂಕೆ ಇರಲೇ ಇಲ್ಲ. ಬಿಳಿಯರು ಮೋಜಿಗೆಂದು ತಂದು ಬಿಟ್ಟರು, ಅವು ಅಲ್ಲಿನ ಕಾಡನ್ನೇ ಮೇಯ್ದವು. ಇಂಥ ಕಡೆ ವರ್ಷಕ್ಕೆ ಇಷ್ಟು ಅಂತ ಹೊಡೆಯದಿದ್ದರೆ ಅವೇ ಹಸಿವಿನಿಂದ ಸಾಯುತ್ತವೆ, ಜೊತೆಗೆ ಕಾಡೂ ಹೋಗುತ್ತದೆ. ಹೊಡೆದದ್ದನ್ನು ಹೂಳುವುದಕ್ಕಿಂತ ತಿನ್ನೋದು ಮೇಲು.

ಆದರೆ ಇದೇ ಮಾತನ್ನು ಎಲ್ಲ ಕಡೆಗೂ ಎಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ, ಭೂಮಿ ಮೇಲಿರುವ ಸಸ್ತನಿಗಳನ್ನೆಲ್ಲ ತೂಗಿದರೆ ಸುಮಾರು ಶೇ. 60 ನಮ್ಮ ಸಾಕುಪ್ರಾಣಿ, ಶೇ. 36 ನಾವು, ಶೇ. 4 ಮಾತ್ರ ಕಾಡಿನವು. ತಿಮಿಂಗಿಲವೂ ಆ ನಾಲ್ಕರಲ್ಲೇ ಬಂತು. ಫಾರಂ ಮಾಂಸ ಕ್ರೂರ, ಎಲ್ಲರೂ ಕಾಡಿನದ್ದೇ ತಿನ್ನೋಣ ಅಂತ ಹೊರಟರೆ ಆ ನಾಲ್ಕು ಎಷ್ಟು ದಿನಕ್ಕೆ ಸಾಕು?

ಗೆಳೆಯನ ಲೈಸೆನ್ಸಿನಲ್ಲಿ ಗಂಡು ಎಷ್ಟು, ಹೆಣ್ಣು ಎಷ್ಟು ಅಂತ ಬರೆದಿರಬಹುದು. ಯಾರು, ಯಾವ ಎಣಿಕೆ ನೋಡಿ ಅದನ್ನು ಗೊತ್ತು ಮಾಡಿದರು ವಿಚಾರಿಸಿ. ಕೊಂಬಿಗಾಗಿ ದೊಡ್ಡ ಗಂಡನ್ನೇ ಹುಡುಕಿ ಹೊಡೆಯುವವನೋ, ಸಂಖ್ಯೆ ಇಳಿಸಲು ಹೆಣ್ಣನ್ನೂ ಹೊಡೆಯುವವನೋ ಅನ್ನೋದರಲ್ಲೇ ಅರ್ಧ ಉತ್ತರ ಸಿಗುತ್ತದೆ. ಕೊಂಬಿನ ಬೇಟೆ ನನ್ನ ಮಟ್ಟಿಗೆ ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

— ವನ್ಯಜೀವಿ ಗಣತಿಯಲ್ಲಿರುವವಳು

ಭಾರತದಲ್ಲಿ ಓದುತ್ತಿರುವವರಿಗೆ

ಪತ್ರ ಬರೆದವರಿಗಲ್ಲ, ಅದನ್ನು ಓದಿ "ನಮಗೂ ಯಾರೋ ಕೊಟ್ಟಿದ್ದರು" ಅಂದುಕೊಂಡವರಿಗೆ ಈ ನಾಲ್ಕು ಸಾಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಆದ ಮೇಲೆ ಇಲ್ಲಿ ಲೈಸೆನ್ಸ್ ಬೇಟೆ ಅನ್ನೋದೇ ಇಲ್ಲ. ಉರುಳು ಹಾಕಿದರೂ, ವಿಷ ಇಟ್ಟರೂ ಬೇಟೆಯೇ. ಮೈಮೇಲೆ ಬಂದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಕೊಂದರೆ ಅಪರಾಧ ಅಲ್ಲ, ಆದರೆ ಅದರ ದೇಹ ಸರ್ಕಾರದ್ದು. ಮಾಂಸ ಹಂಚಿಕೊಳ್ಳುವ ಹಾಗಿಲ್ಲ. "ನಾನು ಹೊಡೆದಿಲ್ಲ, ತಿಂದೆ ಅಷ್ಟೇ" ಅಂದರೆ ಕೇಸಿನಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ.

— ನಿವೃತ್ತ ವಕೀಲ

ಮಗಳ ಪ್ರಶ್ನೆ

ಎಲ್ಲರೂ ಜಿಂಕೆ ಬಗ್ಗೆ ಬರೆಯುತ್ತಾರೆ, ನಾನು ಹುಡುಗಿ ಬಗ್ಗೆ ಬರೀತೀನಿ. "ಅದರ ಅಮ್ಮ ಹುಡುಕಲ್ವಾ?" ಅಂತ ಕೇಳಿದವಳಿಗೆ ನೀವು ಏನು ಹೇಳಿದಿರಿ ಅಂತ ಬರೆದೇ ಇಲ್ಲ. ಏನೂ ಹೇಳದೆ ಪೊಟ್ಟಣ ಫ್ರೀಜರಿಗೆ ತಳ್ಳಿದಿರಿ ಅನ್ನಿಸುತ್ತೆ. ನಾನೂ ಅದನ್ನೇ ಮಾಡಿದ್ದೆ.

ನನ್ನ ಮಗನಿಗೆ ಆಗ ಆರು ವರ್ಷ. ತಟ್ಟೆಯಲ್ಲಿದ್ದ ಕೋಳಿ ಕಾಲನ್ನು ಎತ್ತಿ ಹಿಡಿದು, "ಇದು ನಡೀತಿತ್ತಾ?" ಅಂದ. "ಊಟ ಮಾಡು ಸುಮ್ನೆ" ಅಂದೆ. ಅವನು ಕಾಲನ್ನು ತಟ್ಟೆಯ ಅಂಚಿಗೆ ಮೆತ್ತಗೆ, ನೋವಾಗದ ಹಾಗೆ ಇಟ್ಟ. ಬರೀ ಅನ್ನ ತಿಂದು ಎದ್ದ. ರಾತ್ರಿ ಮಲಗಿಸುವಾಗ ಹೇಳಿದೆ: ಹೌದು ಕಣೋ, ನಡೀತಿತ್ತು. ನಾವು ತಿನ್ನೋಕೆ ಅಂತ ಕೊಂದಿದ್ದು. ನಿನಗೆ ಬೇಡ ಅಂದ್ರೆ ಬೇಡ.

ನೀವೂ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅದು ದೊಡ್ಡ ಜಿಂಕೆ ಆಗಿದ್ದರೆ ದೊಡ್ಡದು ಅನ್ನಿ. ಗೊತ್ತಿಲ್ಲದಿದ್ದರೆ ಗೆಳೆಯನನ್ನೇ ಮನೆಗೆ ಕರೆದು ಅವಳ ಮುಂದೆ ಕೂರಿಸಿ. ಮಕ್ಕಳು ಕೇಳುವಷ್ಟು ನೇರವಾಗಿ ಬೇರೆ ಯಾರೂ ಕೇಳಲ್ಲ. ಅವಳು ತಿನ್ನಲ್ಲ ಅಂದರೆ ಬಲವಂತ ಮಾಡಬೇಡಿ, ಬೇರೆ ಪಾತ್ರೆಯಲ್ಲಿ ಏನಾದರೂ ಮಾಡಿಕೊಡಿ.

ನಮ್ಮವನು ಎರಡು ವರ್ಷ ಮಾಂಸ ಮುಟ್ಟಲಿಲ್ಲ. ಈಗ ಮೊಟ್ಟೆ ತಿಂತಾನೆ.

— ಇಬ್ಬರು ಮಕ್ಕಳ ತಾಯಿ