ಮೇಕ್, ಡೂ, ಟೇಕ್: ನಮಗೆಲ್ಲ ಒಂದೇ ‘ಮಾಡು’

ಪ್ರಶ್ನೆ: ತಪ್ಪು, ಹೋಮ್‌ವರ್ಕ್, ಸ್ನಾನ, ಊಟ ಎಲ್ಲಕ್ಕೂ ಕನ್ನಡದಲ್ಲಿ ‘ಮಾಡು’. ಇಂಗ್ಲಿಷಿನಲ್ಲಿ ಯಾವುದಕ್ಕೆ ಯಾವುದು?

ಉತ್ತರ 1: ಮೇಕ್ ಎ ಮಿಸ್ಟೇಕ್, ಡೂ ಹೋಮ್‌ವರ್ಕ್, ಟೇಕ್ ಎ ಬಾತ್, ಹ್ಯಾವ್ ಲಂಚ್. ಹೊಸದೇನಾದರೂ ಹುಟ್ಟಿದರೆ ಸಾಮಾನ್ಯವಾಗಿ ಮೇಕ್: ಕಾಫಿ, ಪ್ಲಾನ್, ಸದ್ದು. ಹಿಡಿದು ಮುಗಿಸುವ ಕೆಲಸಕ್ಕೆ ಡೂ.

ಉತ್ತರ 2: ಆ ಸೂತ್ರ ಅರ್ಧ ದಾರಿಗಷ್ಟೇ. ‘ಮೇಕ್ ದ ಬೆಡ್’ ಅಂದರೆ ಹಾಸಿಗೆ ಸರಿಪಡಿಸುವುದು, ಮಂಚ ಮಾಡುವ ಬಡಗಿ ಕೆಲಸವಲ್ಲ! ‘ಪರೀಕ್ಷೆ ಬರೆದೆ’ ನಮ್ಮ ಬಾಯಲ್ಲಿ ‘ರೋಟ್ ದಿ ಎಕ್ಸಾಮ್’ ಆಗುತ್ತದೆ. ಬ್ರಿಟನ್ನಿನಲ್ಲಿ ಟೇಕ್ ಅಥವಾ ಸಿಟ್.

ಉತ್ತರ 3: ‘ಜೋರು’ ಕೂಡ ಹೀಗೇ ಕೈಕೊಡುತ್ತದೆ. ಮಳೆಗೆ ಹೆವಿ, ಗಾಳಿಗೆ ಸ್ಟ್ರಾಂಗ್, ದನಿಗೆ ಲೌಡ್. ‘ಸ್ಟ್ರಾಂಗ್ ರೇನ್’ ವ್ಯಾಕರಣಕ್ಕೆ ತಪ್ಪಲ್ಲ, ಕಿವಿಗೆ ತಪ್ಪು. ನಾಮಪದದ ಜೊತೆಗೇ ಕ್ರಿಯಾಪದ, ವಿಶೇಷಣ ಬರೆದಿಟ್ಟುಕೊಳ್ಳಿ.