ಹಳೆಯ ಪಟ್ಟಾಳದ ಕೋವಿಯ ನಳಿಗೆ ಮೂಲದ್ದೇ, ಬದಲಿಸಿದ್ದೇ?

ಪ್ರಶ್ನೆ (ನಿವೃತ್ತ ಅಧ್ಯಾಪಕರು, ಬದಿಯಡ್ಕ):

ನಮಸ್ಕಾರ ಹವಾಲ್ದಾರರೇ. ನಮ್ಮೂರ ಮಾಜಿ ಸೈನಿಕರ ಭವನದಲ್ಲಿ ಗುಂಡು ಹಾರದಂತೆ ಮಾಡಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿರುವ ತ್ರೀ ನಾಟ್ ತ್ರೀ ಕೋವಿಗೆ ವಿವರ ಫಲಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೋಲ್ಟ್‌ನ (ತೋಟೆಯನ್ನು ನಳಿಗೆಯೊಳಗೆ ತಳ್ಳುವ ಸರಳಿನ) ಹಿಂದಿನ ಉಕ್ಕಿನ ಪಟ್ಟಿಯ ಬಲಬದಿಯಲ್ಲಿ ಕಿರೀಟ, ಎನ್‌ಫೀಲ್ಡ್ ಎಂಬ ಇಂಗ್ಲೆಂಡಿನ ಕಾರ್ಖಾನೆಯ ಹೆಸರು ಮತ್ತು 1917 ಎಂದಿದೆ. ಆದರೆ ನಳಿಗೆಯ ಬುಡದ ಎಡಬದಿಯಲ್ಲಿ 43 ಎಂಬ ಅಂಕಿ ಇದೆ. ಇದು ಎರಡು ಕೋವಿಗಳನ್ನು ಕೂಡಿಸಿದ್ದು, 1917 ಎಂದು ಬರೆದರೆ ಸುಳ್ಳಾಗುತ್ತದೆ ಎಂದು ಒಬ್ಬರು ಹೇಳುತ್ತಾರೆ. ನಾನು ಏನೆಂದು ಬರೆಯಲಿ?

ಉತ್ತರ (ನಿವೃತ್ತ ಸೇನಾ ಆರ್ಮರರ್, ಅಂದರೆ ಆಯುಧ ದುರಸ್ತಿಗಾರರು, ಕುಂಬಳೆ):

ನಮಸ್ಕಾರ ಮಾಸ್ಟ್ರೇ. ನಳಿಗೆ ಬದಲಾಗಿದೆ ಎಂಬುದು ನಿಜ, ಆದರೆ ಕೋವಿ ಸುಳ್ಳಲ್ಲ. ಪಟ್ಟಾಳದ ಲೆಕ್ಕದಲ್ಲಿ ನಳಿಗೆಯೆಂದರೆ ಸವೆಯುವ ವಸ್ತು. ಕಾರ್ಡೈಟ್ ಮದ್ದಿನ ಬಿಸಿ ಅನಿಲ ನಳಿಗೆಯ ಒಳಬಾಯಿಯನ್ನು ತಿನ್ನುತ್ತದೆ. ಅಂದಿನ ತೋಟೆಯ ಕ್ಯಾಪಿನಿಂದ ಒಳಗೆ ಉಳಿಯುವ ಉಪ್ಪನ್ನು ಕುದಿನೀರಿನಿಂದ ತೊಳೆಯದಿದ್ದರೆ ನಮ್ಮ ಕರಾವಳಿಯ ಹವೆಯಲ್ಲಿ ಬಹುಬೇಗ ತುಕ್ಕು ಕೂರುತ್ತದೆ. ಇವೆರಡಕ್ಕಿಂತ ನನ್ನನ್ನು ಹೆಚ್ಚು ನೋಯಿಸುತ್ತಿದ್ದದ್ದು, ಶುದ್ಧಗೊಳಿಸುವ ಹಗ್ಗವನ್ನು ಓರೆಯಾಗಿ ಎಳೆದೆಳೆದು ನಳಿಗೆಯ ತುದಿಯನ್ನೇ ಸವೆಸುವ ಅಭ್ಯಾಸ. ಹೀಗೆ ಕೆಟ್ಟ ನಳಿಗೆಯನ್ನು ತೆಗೆದು ಹೊಸದನ್ನು ಹಾಕುವುದು ಸೈನ್ಯದ ನಿತ್ಯದ ದುರಸ್ತಿಯಾಗಿತ್ತು.

ಗುರುತಿಸುವ ಮೊದಲ ದಾರಿಯನ್ನು ನೀವೇ ಕಂಡಿದ್ದೀರಿ: 43 ಎಂದರೆ ನಳಿಗೆ ತಯಾರಾದ ವರ್ಷ, 1943. ನಳಿಗೆಯ ವರ್ಷ ಕೋವಿಯ ವರ್ಷಕ್ಕಿಂತ ಕೆಲವು ತಿಂಗಳು ಹಿಂದಿದ್ದರೆ ಅದು ಸಹಜ, ಏಕೆಂದರೆ ಕಾರ್ಖಾನೆಯಲ್ಲಿ ನಳಿಗೆಗಳನ್ನು ಮೊದಲೇ ಮಾಡಿಡುತ್ತಿದ್ದರು. ಆದರೆ ನಳಿಗೆಯ ವರ್ಷ ಮುಂದಿನದಾದರೆ ಅದು ಬದಲಿ ನಳಿಗೆಯೇ. ಹೊಸ ನಳಿಗೆ ಯಾವ ಕಾರ್ಖಾನೆಯದೆಂಬುದಕ್ಕೆ ಅದರ ಮೇಲಿನ ತಪಾಸಣಾ ಮುದ್ರೆಯನ್ನು ನೋಡಬೇಕು. ಕಿರೀಟ, ಅದರ ಕೆಳಗೆ ಅಂಕಿ, ಅದರ ಕೆಳಗೆ ಇ ಅಕ್ಷರವಿದ್ದರೆ ಎನ್‌ಫೀಲ್ಡಿನ ತಪಾಸಣೆ. ಬಾಣದ ಗುರುತಿನ ಕೆಳಗೆ ಐ ಅಕ್ಷರವಿದ್ದರೆ ಕೋವಿ ಭಾರತ ಸರಕಾರದ ಸ್ವತ್ತಾಗಿತ್ತೆಂದು ತಿಳಿಯಬಹುದು. ಮುಂಭಾಗದ ಮರದಲ್ಲಿ ಅಡ್ಡಲಾಗಿ ಒಂದು ಸ್ಕ್ರೂ ಇದೆಯೇ ಎಂದೂ ನೋಡಿರಿ. ಬಂಗಾಳದ ಈಶಾಪುರ ಕಾರ್ಖಾನೆಯ ಕೈ ತಾಗಿದ ಕೋವಿಗಳಲ್ಲಿ ಅದು ಸಾಮಾನ್ಯ.

ಮರುಪ್ರಶ್ನೆ (ಅದೇ ಅಧ್ಯಾಪಕರು):

ಸ್ಕ್ರೂ ಇದೆ, ಬಾಣ ಮತ್ತು ಐ ಕೂಡ ಇವೆ. ಆದರೆ ರಿಸೀವರಿನ (ನಳಿಗೆಯನ್ನು ಕೂರಿಸಿರುವ ಉಕ್ಕಿನ ಒಡಲಿನ) ಮೇಲೂ ನಳಿಗೆಯ ಮೇಲೂ ಒಂದೇ ಸಂಖ್ಯೆ ಇದೆ. ಸಂಖ್ಯೆ ಕೂಡಿಬಂದರೆ ನಳಿಗೆ ಮೂಲದ್ದೆಂದು ಅರ್ಥವಲ್ಲವೇ?

ಉತ್ತರ:

ಹೆಚ್ಚಿನವರು ಎಡವುವುದು ಇಲ್ಲಿಯೇ. ನಳಿಗೆ ಬದಲಿಸಿದಾಗ ಆ ಕೋವಿಯ ಸಂಖ್ಯೆಯನ್ನೇ ಹೊಸ ನಳಿಗೆಗೂ ಕೊರೆಯುವುದು ಕ್ರಮವಾಗಿತ್ತು. ಆದ್ದರಿಂದ ಸಂಖ್ಯೆ ಕೂಡಿಬರುವುದರಿಂದ ದುರಸ್ತಿ ಕ್ರಮಬದ್ಧವಾಗಿತ್ತೆಂದು ತಿಳಿಯುತ್ತದೆಯೇ ಹೊರತು ನಳಿಗೆ ಮೂಲದ್ದೆಂದಲ್ಲ. ಭೂತಗನ್ನಡಿ ಹಿಡಿದು ಎರಡೂ ಕಡೆಯ ಅಂಕಿಗಳ ಎತ್ತರ, ಬಾಗು ಮತ್ತು ಆಳವನ್ನು ಹೋಲಿಸಿರಿ. ಬೇರೆ ಅಚ್ಚಿನಿಂದ ಹೊಡೆದ ಅಂಕಿಗಳು ವಿಶೇಷವಾಗಿ 3, 4 ಮತ್ತು 7ರಲ್ಲಿ ಬೇರೆಯಾಗಿ ಕಾಣುತ್ತವೆ.

ಇಷ್ಟನ್ನು ನೋಡಲು ಮರವನ್ನು ಬಿಚ್ಚಬೇಕಾಗಿಲ್ಲ, ದಯವಿಟ್ಟು ಬಿಚ್ಚಬೇಡಿ. ಈ ಮಾದರಿಯಲ್ಲಿ ಹಿಂಭಾಗದ ಮರವನ್ನು ಹಿಡಿದಿರುವ ಬೋಲ್ಟಿನ ಚೌಕ ತುದಿ ಮುಂಭಾಗದ ಮರದೊಳಗಿನ ತಗಡಿಗೆ ಕಚ್ಚಿಕೊಂಡಿರುತ್ತದೆ. ಮುಂಭಾಗದ ಮರವನ್ನು ಮೊದಲು ತೆಗೆಯದೆ ಆ ಬೋಲ್ಟನ್ನು ತಿರುಗಿಸಿದರೆ ನೂರು ವರ್ಷದ ಮರ ಸೀಳುತ್ತದೆ. ಹಾಗೆ ಹಾಳಾದವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಫಲಕದಲ್ಲಿ ಹೀಗೆ ಬರೆಯಬಹುದು: "ಎನ್‌ಫೀಲ್ಡ್ ಕಾರ್ಖಾನೆಯಲ್ಲಿ 1917ರಲ್ಲಿ ತಯಾರಾದ ಕೋವಿ, ನಳಿಗೆ 1943ರದ್ದು, ಸೇವೆಯ ಅವಧಿಯಲ್ಲಿ ಬದಲಿಸಲಾಗಿದೆ." ಭವನದ ದಾಖಲೆ ಪುಸ್ತಕದಲ್ಲಿ ರಿಸೀವರಿನ ಮೇಲಿನ ಸಂಖ್ಯೆಯನ್ನೇ ಬರೆದಿಡಿ, ಮಾಸ್ಟ್ರೇ.