ಕಪ್ಪು ಕಾರಿನ ಮೇಲಿನ ಗೀರುಗಳು, ಬಾಯಿ ತಪ್ಪಿ ಆಡಿದ ಮಾತು

ಪ್ರಶ್ನೆ:
ಬೆಂಗಳೂರಿನಲ್ಲಿ ಸಣ್ಣ ಉದ್ಯಮ ನಡೆಸುತ್ತಿದ್ದೇನೆ. ಹದಿನೈದು ವರ್ಷ ಸ್ಕೂಟರಿನಲ್ಲಿ ಓಡಾಡಿದ ಮೇಲೆ ಕಳೆದ ವರ್ಷ ಕಪ್ಪು ಬಣ್ಣದ ದುಬಾರಿ ಕಾರೊಂದನ್ನು ಕೊಂಡೆ. ಈಗ ಬಿಸಿಲಿನಲ್ಲಿ ನಿಲ್ಲಿಸಿದರೆ ಬಾನೆಟ್ಟಿನ ತುಂಬ ಜೇಡರ ಬಲೆಯಂತಹ ಗೀರುಗಳು ಕಾಣುತ್ತವೆ. ಅಪಾರ್ಟ್‌ಮೆಂಟಿನಲ್ಲಿ ದಿನವೂ ಕಾರು ಒರೆಸುವವರು ಒಣಬಟ್ಟೆಯಿಂದ ಉಜ್ಜಿದ್ದೇ ಇದಕ್ಕೆ ಕಾರಣವೆಂದು ತಿಳಿದಾಗ, ‘ಈ ಕಾರಿನ ಬೆಲೆ ಗೊತ್ತೇನು?’ ಎಂದು ನಾಲ್ಕು ಜನರ ಎದುರು ಗದರಿಬಿಟ್ಟೆ. ನನಗಿಂತ ಹಿರಿಯರು, ಒಂದು ಮಾತೂ ಆಡದೆ ಬಕೆಟ್ಟು ಎತ್ತಿಕೊಂಡು ಹೋದರು. ಕಾರು ಅಚ್ಚುಕಟ್ಟಾಗಿರಬೇಕೆಂಬ ಆಸೆ ಬಿಡದು, ಹಣದ ಮದ ತಲೆಗೇರುವುದೂ ಬೇಡ. ಏನು ಮಾಡಲಿ?

ಉತ್ತರ 1:
ಹನ್ನೆರಡು ವರ್ಷಗಳಿಂದ ಡಿಟೇಲಿಂಗ್, ಅಂದರೆ ಕಾರನ್ನು ಸೂಕ್ಷ್ಮವಾಗಿ ತೊಳೆದು ಹೊಳಪು ಕೊಡುವ ಕೆಲಸದಲ್ಲಿದ್ದೇನೆ. ಗೀರು ಬೀಳುವುದು ಬಟ್ಟೆಯಿಂದಲ್ಲ, ಅದರಡಿ ಸಿಕ್ಕ ಧೂಳಿನಿಂದ. ನೀರಿಲ್ಲದೆ ಒರೆಸಿದರೆ ಆ ಧೂಳೇ ಉಪ್ಪುಕಾಗದದ ಹಾಗೆ ಬಣ್ಣವನ್ನು ಕೆರೆಯುತ್ತದೆ. ಬಣ್ಣದ ಮೇಲಿನ ಪಾರದರ್ಶಕ ಲೇಪವಾದ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಮಾತ್ರ, ತಲೆಗೂದಲಿಗಿಂತಲೂ ತೆಳು. ಗೀರು ತೆಗೆಯಲು ಮೆಷೀನ್ ಪಾಲಿಶ್ ಮಾಡಿದಾಗಲೆಲ್ಲ ಅದರಲ್ಲೇ ಒಂದಿಷ್ಟು ಸವೆಯುವುದರಿಂದ, ಬಣ್ಣದ ದಪ್ಪವನ್ನು ಗೇಜಿನಲ್ಲಿ ಅಳೆಯದೆ ಮೆಷೀನ್ ಹಿಡಿಯುವವರಿಗೆ ಕಾರು ಒಪ್ಪಿಸಬೇಡಿ. ತೊಳೆಯಲು ಎರಡು ಬಕೆಟ್ ಇರಲಿ: ಒಂದು ಶಾಂಪೂ ನೀರಿಗೆ, ಇನ್ನೊಂದು ಕೊಳೆಯಾದ ಬಟ್ಟೆ ಜಾಲಿಸಲು. ಚಕ್ರಗಳಿಗೆ ಬೇರೆ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ಕಾರಿಗೆ ತಾಗಬಾರದು. ನಮ್ಮ ಬೋರ್‌ವೆಲ್ ನೀರು ಗಡಸಾದ್ದರಿಂದ ತಾನಾಗಿ ಆರಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ. ನೆರಳಿನಲ್ಲಿ ತೊಳೆದು ಕೂಡಲೇ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಇದನ್ನೆಲ್ಲ ನಿಮ್ಮ ಕಾರು ಒರೆಸುವವರಿಗೆ ಯಾರೂ ಹೇಳಿಕೊಟ್ಟಿಲ್ಲ, ಸರ್. ನಾನು ಕಲಿತದ್ದೂ ಬೇರೆಯವರ ಕಾರು ಕೆಡಿಸಿಯೇ.

ಉತ್ತರ 2:
ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎನ್ನುತ್ತಾರೆ. ನಿಮಗೆ ನಾಚಿಕೆಯಾಗಿದೆ, ಆದ್ದರಿಂದ ನೀವು ಆ ಸಾಲಿನವರಲ್ಲ. ಕೆಲಸ ಚೊಕ್ಕವಾಗಿರಬೇಕೆಂದು ಕೇಳುವುದು ಅಹಂಕಾರವಲ್ಲ, ಬೆಲೆಯ ಮಾತು ಎತ್ತಿದ್ದು ತಪ್ಪು. ನಮ್ಮ ತಂದೆಯವರು ನಾಲ್ಕು ಲಾರಿ ಇಟ್ಟಿದ್ದರು. ಟೈರಿನ ಸಂದಿಯಲ್ಲಿ ಕೆಸರು ಉಳಿದಿದ್ದರೆ ಮತ್ತೆ ತೊಳೆಸುತ್ತಿದ್ದರು, ಆದರೆ ಆಯುಧಪೂಜೆಯ ದಿನ ಕುಂಬಳಕಾಯಿ ಒಡೆಸುತ್ತಿದ್ದುದು ಲಾರಿ ತೊಳೆಯುವ ಹುಡುಗನ ಕೈಯಿಂದಲೇ. ನಾಲ್ಕು ಜನರ ಎದುರು ಗದರಿದ್ದೀರಿ, ಕ್ಷಮೆಯನ್ನೂ ಅವರ ಎದುರೇ ಕೇಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಇಂದು ಬೆಳಿಗ್ಗೆ ಕಾವಲುಗಾರರ ಎದುರೇ ಕಾರು ಒರೆಸುವವರ ಕ್ಷಮೆ ಕೇಳಿದೆ. ಎಂಟು ಗಂಟೆಯೊಳಗೆ ಮೂವತ್ತು ಕಾರು ಮುಗಿಸಬೇಕು, ಸಿಗುವುದು ಒಂದೇ ಬಕೆಟ್ ನೀರು ಎಂದು ಅವರು ಹೇಳಿದಾಗಲೇ ನನಗೆ ಒಣಬಟ್ಟೆಯ ಕಾರಣ ತಿಳಿದದ್ದು. ಇನ್ನು ದಿನವೂ ಒರೆಸುವುದು ಬೇಡ, ವಾರಕ್ಕೊಮ್ಮೆ ಇಬ್ಬರೂ ಸೇರಿ ತೊಳೆಯೋಣ, ಸಂಬಳ ಹಾಗೆಯೇ ಇರಲಿ ಎಂದೆ. ತಂದಿಟ್ಟ ಎರಡು ಬಕೆಟ್ಟುಗಳನ್ನು ಉಳಿದ ಕಾರುಗಳಿಗೂ ಬಳಸಬಹುದೇ ಎಂದು ಕೇಳಿದರು; ಧಾರಾಳವಾಗಿ ಬಳಸಿ ಎಂದೆ.